ನಮ್ದೇ ವಿಮಾನ ಅಲ್ವೇನ್ರೀ?

ಖಾಸಗಿ ಜೆಟ್ ಬಾಡಿಗೆಗೆ ಹಿಡಿಯೋದು ದೊಡ್ಡವರ ವ್ಯವಹಾರ ಅಂತ ತುಂಬಾ ಜನ ತಿಳಿದಿದ್ದಾರೆ. ದೊಡ್ಡವರು ಹತ್ತಿ ಕೂರುತ್ತಾರೆ, ಅಷ್ಟೇ. ಹಿಡಿಯೋದು ನನ್ನಂಥ ಅಡ್ಮಿನ್ ಮ್ಯಾನೇಜರು. ಪೀಣ್ಯದ ನಮ್ಮ ಕಂಪನಿಯಲ್ಲಿ ಕ್ಯಾಂಟೀನಿನ ಕಾಫಿಪುಡಿಯಿಂದ ಜನರೇಟರ್ ಡೀಸೆಲ್‌ವರೆಗೆ ಎಲ್ಲವೂ ನನ್ನ ತಲೆಗೇ. ಆ ಪಟ್ಟಿಗೆ ಒಂದು ದಿನ ವಿಮಾನವೂ ಸೇರಿತು.

ಎಂ.ಡಿ. ಕರೆದರು. "ಗುರುವಾರ ಹೊರಡಬೇಕು ಕಣ್ರೀ. ಶುಕ್ರವಾರ ಬೆಳಿಗ್ಗೆ ಫ್ರಾಂಕ್‌ಫರ್ಟ್ ಹತ್ತಿರ ಒಂದು ಫ್ಯಾಕ್ಟರಿ, ಸಂಜೆ ಇಟಲಿಯ ಬೆರ್ಗಾಮೊದಲ್ಲಿ ಇನ್ನೊಂದು. ಸೋಮವಾರ ಇಲ್ಲಿ ಬೋರ್ಡ್ ಮೀಟಿಂಗ್. ಏಳು ಜನ. ಮಾಮೂಲಿ ವಿಮಾನ ನಂಬಿಕೊಂಡ್ರೆ ಆಗಲ್ಲ."

ಬ್ರೋಕರ್‌ಗೆ ಫೋನ್ ಮಾಡಿದೆ. "ಸೂಪರ್ ಮಿಡ್‌ಸೈಜ್ ತಗೊಳ್ಳಿ ಸಾರ್, ಚಾಲೆಂಜರ್ 350 ಥರದ್ದು" ಅಂದರು. ಸಣ್ಣ ಜೆಟ್ ಆದರೆ ಸೊಂಟ ಬಗ್ಗಿಸಿ ಓಡಾಡಬೇಕು, ದೊಡ್ಡದಾದರೆ ಫ್ಯಾಕ್ಟರಿ ಅಡ ಇಡಬೇಕು. ಇದು ನಡುವಿನದು. ಎಂಟರಿಂದ ಹತ್ತು ಸೀಟು, ಒಳಗೆ ಆರಡಿ ಎತ್ತರ, ಒಂದೇ ಉಸಿರಿಗೆ ಸುಮಾರು 5,900 ಕಿಲೋಮೀಟರ್ ಹಾರುತ್ತೆ. ಸರಿ, ಆದರೆ ಬೆಂಗಳೂರಿಂದ ಫ್ರಾಂಕ್‌ಫರ್ಟ್ 7,400 ಕಿಲೋಮೀಟರ್ ಇದೆಯಲ್ಲ? "ದುಬೈನಲ್ಲಿ ಇಳಿದು ಎಣ್ಣೆ ಹಾಕಿಸ್ಕೊಂಡು ಹೋಗೋದು" ಅಂದರು. ಅದೇ ಊರಿಗೆ ಬೆಂಗಳೂರಿಂದ ಮಾಮೂಲಿ ವಿಮಾನ ಎಲ್ಲೂ ನಿಲ್ಲದೆ ಹೋಗುತ್ತೆ. ಈ ಮಾತನ್ನು ನಾನು ಎಂ.ಡಿ. ಕಿವಿಗೆ ಹಾಕಲಿಲ್ಲ. ನನಗೂ ಸಂಸಾರ ಇದೆ.

ಆಮೇಲೆ ಕೊಟೇಶನ್ ಬಂತು. ಮೊದಲ ಸಲ ಸೊನ್ನೆಗಳನ್ನು ನೋಡಿ ಕನ್ನಡಕ ಒರೆಸಿಕೊಂಡೆ. ಎರಡನೇ ಸಲ ಓದಿದಾಗ ಧೈರ್ಯ ಬಂತು, ಯಾಕಂದ್ರೆ ಅದು ಧರ್ಮಸ್ಥಳಕ್ಕೆ ಹಿಡಿಯೋ ಇನ್ನೋವಾದ ಬಿಲ್ಲಿನ ಹಾಗೇ ಇತ್ತು. ದಿನಕ್ಕೆ ಇಷ್ಟು ಅಂತ ಮಿನಿಮಮ್. ನೈಟ್ ಹಾಲ್ಟ್. ಪಾರ್ಕಿಂಗ್. ಪೈಲಟ್‌ಗಳ ಊಟ, ಹೋಟೆಲು. ವಿಮಾನ ಇರೋದು ಮುಂಬೈನಲ್ಲಿ. ಅಲ್ಲಿಂದ ಖಾಲಿ ಬರೋದೂ ನಮ್ಮ ಲೆಕ್ಕ, ನಮ್ಮನ್ನು ಇಳಿಸಿ ಖಾಲಿ ಹೋಗೋದೂ ನಮ್ಮ ಲೆಕ್ಕ. ಚೌಕಾಸಿ ಮಾಡೋಕೆ ಹೋದೆ. "ವಾಪಸ್ ಹೋಗುವಾಗ ಯಾರನ್ನಾದ್ರೂ ಹತ್ತಿಸಿಕೊಳ್ಳಿ, ನಮಗೆ ಕಮ್ಮಿ ಮಾಡಿ" ಅಂದೆ. ಬ್ರೋಕರ್ ನಕ್ಕರು. ಸಿಕ್ಕಿದರೆ ಹತ್ತಿಸಿಕೊಳ್ತಾರಂತೆ, ಕಮ್ಮಿ ಮಾತ್ರ ಮಾಡಲ್ಲವಂತೆ.

ಒಂದು ಸಾಲು ಮಾತ್ರ ಅರ್ಥ ಆಗಲಿಲ್ಲ: ದುಬೈಗೆ ಎರಡು ವಿಮಾನ ಟಿಕೆಟ್. ಯಾರಿಗೆ? ಪೈಲಟ್‌ಗಳಿಗೆ! ಇಷ್ಟು ದೂರ ಒಂದೇ ಜೋಡಿ ಪೈಲಟ್ ಓಡಿಸೋ ಹಾಗಿಲ್ಲ, ಡ್ಯೂಟಿಗೆ ಗಂಟೆಗಳ ಮಿತಿ ಇದೆ. ಹಾಗಾಗಿ ಇನ್ನೊಂದು ಜೋಡಿ ಮೊದಲೇ ದುಬೈಗೆ ಹೋಗಿ, ನಿದ್ದೆ ಮಾಡಿ, ಕಾಯುತ್ತಿರಬೇಕು. ಅವರು ಹೋಗೋದು ಮಾಮೂಲಿ ವಿಮಾನದಲ್ಲಿ, ನಮ್ಮ ದುಡ್ಡಲ್ಲಿ.

ಹೆಸರು, ಪಾಸ್‌ಪೋರ್ಟ್ ಜೊತೆಗೆ ಎಲ್ಲರ ತೂಕವನ್ನೂ ಕೇಳಿದರು. ಸಣ್ಣ ವಿಮಾನ, ತೂಕದ ಲೆಕ್ಕ ಕರೆಕ್ಟಾಗಿ ಬೇಕು. ಡೈರೆಕ್ಟರುಗಳ ಹತ್ತಿರ ಸಂಬಳ ಕೇಳಬಹುದು, ತೂಕ ಕೇಳೋದು ಕಷ್ಟ. ನಮ್ಮ ಫೈನಾನ್ಸ್ ಸಾರ್ ಗಂಭೀರವಾಗಿ "ಎಪ್ಪತ್ತೆರಡು" ಅಂದರು. ಅದು ಅವರ ಮದುವೆ ಆಲ್ಬಮ್ಮಿನ ತೂಕ. ಎದುರು ನಿಂತಿದ್ದ ಹೊಟ್ಟೆಯನ್ನು ಒಮ್ಮೆ ನೋಡಿ ತೊಂಬತ್ತು ಅಂತ ಬರೆದೆ. ಜೀವದ ಪ್ರಶ್ನೆ ಅಲ್ವಾ?

ಗುರುವಾರ ಬಂತು. ಮಧ್ಯಾಹ್ನ ಎರಡಕ್ಕೆ ಹೊರಡಬೇಕು. ದೇವನಹಳ್ಳಿಯಲ್ಲಿ ವಿಮಾನ ಬೆಳ್ಳಗೆ ಹೊಳೆಯುತ್ತಾ ನಿಂತಿತ್ತು. ಚೆಕ್-ಇನ್ ಕ್ಯೂ ಇಲ್ಲ, ಲಾಂಜಿನಲ್ಲಿ ಗೋಡಂಬಿ ಇದೆ. ಎಲ್ಲ ಸರಿಯಾಗಿದೆ ಅನ್ನುವಾಗ ಎಂ.ಡಿ. ತಾಯಿಯವರ ಫೋನು. ಗುರುವಾರ ಒಂದೂವರೆಯಿಂದ ಮೂರು ರಾಹುಕಾಲ.

"ಸಾರ್, ಮನೆಯಿಂದ ಹನ್ನೆರಡಕ್ಕೇ ಹೊರಟಿದ್ದೀರಲ್ಲ, ಅದೇ ಲೆಕ್ಕ" ಅಂದೆ. ಅಮ್ಮನವರು ಒಪ್ಪಲಿಲ್ಲ. ಚಕ್ರ ನೆಲ ಬಿಡೋದೇ ಹೊರಡೋದು ಅಂತ ಅವರ ತೀರ್ಪು. "ಹಾಗಾದ್ರೆ ನಿಮ್ಮ ಬ್ಯಾಗ್ ಮೊದಲೇ ಒಳಗಿಟ್ಟು ಪ್ರಸ್ಥಾನ ಮಾಡಿಬಿಡೋಣ" ಅಂದೆ. ಅದೂ ನಡೀಲಿಲ್ಲ. ಎಂ.ಡಿ. ಗೋಡಂಬಿ ಅಗಿಯುತ್ತಾ ಹೇಳಿದರು: "ಟೆನ್ಷನ್ ಯಾಕ್ರೀ? ನಮ್ದೇ ವಿಮಾನ ಅಲ್ವೇನ್ರೀ? ನಿಲ್ಲುತ್ತೆ."

ವಿಮಾನ ನಿಂತಿತು. ಆದರೆ ಮೂರಕ್ಕೆ ನಾವು ರೆಡಿ ಅಂದಾಗ ರನ್‌ವೇ ನಮ್ದಾಗಿರಲಿಲ್ಲ. ಕೈಬಿಟ್ಟ ಸ್ಲಾಟು, ಅಂದ್ರೆ ಹಾರೋಕೆ ಕೊಟ್ಟಿದ್ದ ಸಮಯ, ಮತ್ತೆ ಸಿಗಬೇಕಲ್ಲ? ಇಂಡಿಗೊ ಒಂದರ ಹಿಂದೆ ಒಂದು ಹಾರುತ್ತಿದ್ದವು, ನಮ್ಮ ರಾಜಕುಮಾರ ಮೂಲೆಯಲ್ಲಿ ನಿಂತಿದ್ದ. ಚಕ್ರ ನೆಲ ಬಿಟ್ಟಾಗ ಮೂರೂ ಮುಕ್ಕಾಲು. ನಾನು ಟ್ಯಾಕ್ಸಿ ಹಿಡಿದು, ಹೆಬ್ಬಾಳದ ಜಾಮಿನಲ್ಲಿ ಕೂತು, ಇನ್ನು ನನ್ನ ಕೆಲಸ ಮುಗೀತು ಅಂದುಕೊಂಡೆ.

ರಾತ್ರಿ ಬ್ರೋಕರ್ ಫೋನು. ದುಬೈನಲ್ಲಿ ಎಣ್ಣೆ ಗಾಡಿ ಬರೋದು ಲೇಟಾಗಿತ್ತು. ಮೇಲೆ ಚಳಿಗಾಲದ ಎದುರುಗಾಳಿ ಬೇರೆ. ಫ್ರಾಂಕ್‌ಫರ್ಟ್‌ನಲ್ಲಿ ರಾತ್ರಿ 11ರಿಂದ ಬೆಳಗಿನ 5ರವರೆಗೆ ವಿಮಾನ ಇಳಿಯೋ ಹಾಗಿಲ್ಲ. ಅಕ್ಕಪಕ್ಕದವರ ನಿದ್ದೆ ಕೆಡುತ್ತೆ ಅಂತ ಅಲ್ಲಿನ ಕಟ್ಟುನಿಟ್ಟು. ನಮ್ಮದು ಹನ್ನೊಂದು ಕಳೆದೇ ತಲುಪೋದು. "ಹಾನ್‌ನಲ್ಲಿ ಇಳಿಸ್ತೀವಿ ಸಾರ್. ಅದು ಇಡೀ ರಾತ್ರಿ ತೆರೆದಿರುತ್ತೆ. ಅದರ ಹೆಸರೂ ಫ್ರಾಂಕ್‌ಫರ್ಟ್-ಹಾನ್ ಅಂತಲೇ."

ಹೆಸರು ನೋಡಿ ಸಮಾಧಾನ ಆಯ್ತು. ಮ್ಯಾಪ್ ನೋಡಿದೆ. ಫ್ರಾಂಕ್‌ಫರ್ಟ್ ಊರಿಂದ ನೂರಿಪ್ಪತ್ತು ಕಿಲೋಮೀಟರ್.

ಏಳು ಜನಕ್ಕೆ, ಹನ್ನೆರಡು ಪೆಟ್ಟಿಗೆಗೆ, ನಡುರಾತ್ರಿ, ಜರ್ಮನಿಯ ಆ ಗುಡ್ಡದ ಮೇಲೆ ಟ್ಯಾಕ್ಸಿ ಹುಡುಕಬೇಕಿತ್ತು. ನಾನು ಕೂತಿದ್ದು ರಾಜಾಜಿನಗರದ ನಮ್ಮ ಡೈನಿಂಗ್ ಟೇಬಲ್ ಮುಂದೆ, ಅನ್ನ ಸಾರಿನ ತಟ್ಟೆ ಆರುತ್ತಿತ್ತು. "ನಿಮ್ಮ ಎಂ.ಡಿ.ಗೆ ರಾತ್ರಿ ಗಾಡಿ ಹುಡುಕೋಕೂ ನೀವೇ ಬೇಕಾ?" ಅಂತ ನನ್ನ ಹೆಂಡತಿ ಕೇಳಿದಳು. ಕೊನೆಗೆ ಎರಡು ವ್ಯಾನು ಸಿಕ್ಕವು. ಎಂ.ಡಿ. ವ್ಯಾನಿಂದ ಒಂದು ಮೆಸೇಜ್ ಕಳಿಸಿದರು: "ಚಳಿ ಜಾಸ್ತಿ." ಅಷ್ಟೇ. ರಾಹುಕಾಲದ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಉಳಿದ ಪ್ರಯಾಣ ಚೆನ್ನಾಗಿಯೇ ಆಯಿತು. ಆರಡಿ ಎರಡಿಂಚಿನ ನಮ್ಮ ಸೇಲ್ಸ್ ಡೈರೆಕ್ಟರ್ ಮಾತ್ರ ಹಣೆಯ ಮೇಲೆ ಒಂದು ಗುಬುಟು ಹೊತ್ತು ಬಂದರು.

ಬಿಲ್ಲುಗಳನ್ನು ಅಕೌಂಟ್ಸಿಗೆ ಕಳಿಸಿದೆ. ಅಲ್ಲಿ ಕೂತಿರೋ ಹುಡುಗ ಇನ್ನೂ ಹೊಸಬ, ನಿಯಮದ ಪುಸ್ತಕ ಬಾಯಿಪಾಠ ಮಾಡಿದ್ದಾನೆ. ಕೋಟಿಯ ಬಿಲ್ಲಿಗೆ ಒಂದು ಮಾತೂ ಆಡಲಿಲ್ಲ. ಫೈಲು ಮಾತ್ರ ವಾಪಸ್ ಬಂತು, ಮೇಲೆ ಹಳದಿ ಚೀಟಿ: "ಏಳು ಜನರ ಬೋರ್ಡಿಂಗ್ ಪಾಸ್ ಲಗತ್ತಿಸಿಲ್ಲ."

ಬಾಡಿಗೆ ಜೆಟ್ಟಿನಲ್ಲಿ ನಮಗೆ ಅದನ್ನು ಕೊಟ್ಟಿರಲೇ ಇಲ್ಲ ಅಂತ ಬರೆದು ಕಳಿಸಿದೆ. ಮರುದಿನ ಮತ್ತೆ ಬಂತು. ಈ ಸಲ ಇನ್ನೊಂದು ಸಾಲು ಸೇರಿತ್ತು: "ವಿಮಾನದಲ್ಲಿ ಊಟ ಕೊಟ್ಟಿರುವುದರಿಂದ ಎಂ.ಡಿ.ಯವರ ಒಂದು ದಿನದ ಊಟದ ಭತ್ಯೆ ಕಡಿತ ಮಾಡಲಾಗಿದೆ. ಅವರ ಸಹಿ ಪಡೆದು ಕಳಿಸುವುದು."