ಔಷಧಿ ಗಿಡಗಳ ಹಾರ್ಮೋನ್ ಜೀನ್ ತಿದ್ದಬೇಕೇ? ಪರ-ವಿರೋಧ

ಪರ: ಮೇಸ್ತ್ರಿಯನ್ನೇ ಹಿಡಿಯೋಣ

ಕ್ಯಾನ್ಸರ್‌ಗೆ ಕೊಡುವ ವಿನ್‌ಬ್ಲಾಸ್ಟಿನ್ ಸಿಗುವುದು ನಿತ್ಯಪುಷ್ಪದ ಎಲೆಯಲ್ಲಿ. ಆದರೆ ಎಷ್ಟು? ನೂರಾರು ಕಿಲೋ ಒಣ ಎಲೆ ಅರೆದರೂ ಕೈಗೆ ಬರುವುದು ಗ್ರಾಂ ಲೆಕ್ಕದಲ್ಲಿ. ಅದನ್ನು ತಯಾರಿಸಲು ಗಿಡ ಮೂವತ್ತರಷ್ಟು ಹಂತ ದಾಟಬೇಕು. ಹಂತಕ್ಕೊಂದು ಕಿಣ್ವ, ಕಿಣ್ವಕ್ಕೊಂದು ಜೀನ್. ಒಂದೊಂದನ್ನೇ ಚುರುಕು ಮಾಡುತ್ತ ಕೂತರೆ ಮುಗಿದ ಹಾಗೇ!

ಗಿಡ ಹಾಗೆ ಮಾಡುವುದಿಲ್ಲ. ಹುಳ ಎಲೆ ಕಡಿದ ಕೂಡಲೇ ಅದು ಜಾಸ್ಮೋನಿಕ್ ಆಮ್ಲ ಎಂಬ ಹಾರ್ಮೋನ್ ತಯಾರಿಸುತ್ತದೆ. ಎಲೆಯಲ್ಲಿರುವ ಕೊಬ್ಬಿನ ಆಮ್ಲವೇ ಇದಕ್ಕೆ ಕಚ್ಚಾ ವಸ್ತು. ಎಲ್‌ಒಎಕ್ಸ್, ಎಒಎಸ್, ಎಒಸಿ ಜೀನ್‌ಗಳಿಂದ ಬಂದ ಕಿಣ್ವಗಳು ಒಂದರ ನಂತರ ಒಂದು ಅದನ್ನು ಮಾರ್ಪಡಿಸುತ್ತವೆ. ಹಾರ್ಮೋನ್ ಬಂತೆಂದರೆ ಜಾಜ್ ಎಂಬ ತಡೆ ಪ್ರೋಟೀನ್‌ಗಳು ನಾಶವಾಗುತ್ತವೆ. ಆಮೇಲೆ ರಕ್ಷಣೆಯ ಜೀನ್‌ಗಳು ಗುಂಪಾಗಿ ಕೆಲಸ ಶುರುಮಾಡುತ್ತವೆ. ನಾವು ಔಷಧಿ ಎನ್ನುವ ಎಷ್ಟೋ ವಸ್ತು ಗಿಡದ ಪಾಲಿಗೆ ಹುಳ ಓಡಿಸುವ ವಿಷ, ಅಲ್ವಾ? ಈ ಹಾರ್ಮೋನ್ ಮೇಸ್ತ್ರಿ ಇದ್ದಂತೆ. ಅವನು ಕೂಗಿದರೆ ಆಳುಗಳೆಲ್ಲ ಒಟ್ಟಿಗೆ ಏಳುತ್ತಾರೆ.

ಸುಮ್ನೆ ಹೇಳುತ್ತಿರುವ ಮಾತಲ್ಲ ಇದು. ಯೂ ಮರದ ಜೀವಕೋಶಗಳಿಗೆ ಇದೇ ಹಾರ್ಮೋನಿನ ಒಂದು ರೂಪವಾದ ಮೀಥೈಲ್ ಜಾಸ್ಮೋನೇಟ್ ಕೊಟ್ಟರೆ ಕ್ಯಾನ್ಸರ್ ಔಷಧಿ ಪ್ಯಾಕ್ಲಿಟಾಕ್ಸೆಲ್ ಜಾಸ್ತಿ ಆಗುವುದನ್ನು 1996ರಲ್ಲೇ ತೋರಿಸಿದ್ದಾರೆ. ಮಲೇರಿಯಾ ಔಷಧಿ ಆರ್ಟೆಮಿಸಿನಿನ್ ಕೊಡುವ ಆರ್ಟೆಮಿಸಿಯಾ ಗಿಡದಲ್ಲಿ ಎಒಸಿ ಜೀನ್ ಒಂದನ್ನು ಚುರುಕುಗೊಳಿಸಿದಾಗ ಹಾರ್ಮೋನೂ ಏರಿತು, ಔಷಧಿಯೂ ಏರಿತು.

ರಕ್ಷಣೆ ಜಾಸ್ತಿಯಾದರೆ ಗಿಡ ಕುಗ್ಗುತ್ತದೆ ಎಂಬ ಭಯ ನಿಜ. ಅದಕ್ಕೂ ದಾರಿ ಇದೆ. ಪ್ರಯೋಗಾಲಯದಲ್ಲಿ ಹೆಚ್ಚಾಗಿ ಬಳಸುವ ಅರಬಿಡಾಪ್ಸಿಸ್ ಎಂಬ ಪುಟ್ಟ ಗಿಡದ ಐದು ಜಾಜ್ ಜೀನ್‌ಗಳನ್ನು ಕೆಡಿಸಿದಾಗ ಅದು ಕುಗ್ಗಿತು. ಜೊತೆಗೆ ಬೆಳಕು ಗುರುತಿಸುವ ಒಂದು ಜೀನನ್ನೂ ಕೆಡಿಸಿದರೆ ಬೆಳವಣಿಗೆ ಮರಳಿತು, ರಕ್ಷಣೆ ಉಳಿಯಿತು. 2016ರ ಕೆಲಸ ಅದು. ಅಷ್ಟಕ್ಕೂ ಹಾರ್ಮೋನ್ ಜೀನ್ ಕೆಟ್ಟ ಬೆಳೆ ನಮಗೆ ಹೊಸದೇನಲ್ಲ. 1966ರ ಐಆರ್8 ಭತ್ತ ಗಿಡ್ಡವಾಗಿದ್ದದ್ದು ಗಿಡವನ್ನು ಎತ್ತರ ಬೆಳೆಸುವ ಗಿಬ್ಬೆರೆಲಿನ್ ಹಾರ್ಮೋನ್ ತಯಾರಿಸುವ ಒಂದು ಜೀನ್ ಕೆಟ್ಟಿದ್ದರಿಂದಲೇ.

ವಿರೋಧ: ಅವನಿಗೆ ಬೇರೆ ಕೆಲಸವೂ ಇದೆ

ಭತ್ತದ ಉದಾಹರಣೆ ಇಲ್ಲಿ ಹೊಂದುವುದಿಲ್ಲ. ಅಲ್ಲಿ ಬೇಕಿದ್ದದ್ದು ಕಾಳು. ಇಲ್ಲಿ ಬೇಕಿರುವುದು ಎಲೆಯೊಳಗಿನ ರಾಸಾಯನಿಕ. ಹಾರ್ಮೋನ್ ಮುಟ್ಟಿದರೆ ಬದಲಾಗುವುದು ಅದೇ.

ಐದು ಜಾಜ್ ಜೀನ್‌ಗಳ ಕಥೆ ಹೇಳಿದವರು ಹತ್ತರ ಕಥೆ ಬಿಟ್ಟರು. 2018ರಲ್ಲಿ ಅದೇ ಅರಬಿಡಾಪ್ಸಿಸ್‌ನಲ್ಲಿ ಹತ್ತು ಜಾಜ್ ಜೀನ್ ಕೆಡಿಸಿದಾಗ ಗಿಡ ಹುಳಕ್ಕೆ ಜಗ್ಗಲಿಲ್ಲ. ಆದರೆ ಬೆಳವಣಿಗೆ ಸೊರಗಿತು, ಬೀಜ ಕಡಿಮೆಯಾಯಿತು. ಹಾರ್ಮೋನ್ ಇಳಿಸಿದರೂ ಕಷ್ಟವೇ. ಜಾಸ್ಮೋನಿಕ್ ಆಮ್ಲ ತಯಾರಿಸಲಾಗದ ಅರಬಿಡಾಪ್ಸಿಸ್‌ನಲ್ಲಿ ಪರಾಗ ಸರಿಯಾಗಿ ಬಲಿಯುವುದಿಲ್ಲ.

ಮೇಸ್ತ್ರಿ ಕೂಗಿದರೆ ಎಲ್ಲರೂ ಏಳುತ್ತಾರೆ ಎಂಬುದೂ ಪೂರ್ತಿ ನಿಜವಲ್ಲ. ನಿತ್ಯಪುಷ್ಪದ ಜೀವಕೋಶಗಳಲ್ಲಿ ಜಾಸ್ಮೋನೇಟ್ ಆದೇಶ ಸಾಗಿಸುವ ಓರ್ಕಾ3 ಜೀನನ್ನು 2000ದಲ್ಲಿ ಚುರುಕುಗೊಳಿಸಿದ್ದರು. ಹಲವು ಜೀನ್‌ಗಳು ಎದ್ದವು, ಕೆಲವು ಮಲಗೇ ಇದ್ದವು. ಲೋಗಾನಿನ್ ಎಂಬ ಕಚ್ಚಾ ವಸ್ತುವನ್ನು ಹೊರಗಿನಿಂದ ಕೊಟ್ಟ ಮೇಲೆಯೇ ಆಲ್ಕಲಾಯ್ಡ್ (ವಿನ್‌ಬ್ಲಾಸ್ಟಿನ್ ಸೇರುವ ವಸ್ತುಗಳ ಗುಂಪು) ಏರಿದ್ದು.

ಕಚ್ಚಾ ವಸ್ತುವಿನ ಜಗಳ ಇನ್ನೂ ದೊಡ್ಡದು. ಡಾನ್‌ಶೆನ್ ಎಂಬ ಚೀನೀ ಔಷಧಿ ಗಿಡದ ಬೇರಿನಲ್ಲಿರುವ ಔಷಧೀಯ ವಸ್ತು ಟ್ಯಾನ್‌ಶಿನೋನ್ ಮತ್ತು ಗಿಬ್ಬೆರೆಲಿನ್ ಹಾರ್ಮೋನ್ ಎರಡೂ ಜಿಜಿಪಿಪಿ ಎಂಬ ಒಂದೇ ಅಣುವಿನಿಂದ ಕವಲೊಡೆಯುತ್ತವೆ. ಅಶ್ವಗಂಧದ ಔಷಧೀಯ ವಸ್ತುಗಳಾದ ವಿಥನೊಲೈಡ್‌ಗಳು ಮತ್ತು ಬ್ರಾಸಿನೋಸ್ಟೀರಾಯ್ಡ್ ಹಾರ್ಮೋನ್‌ಗಳೂ ಹೀಗೆಯೇ ಒಂದೇ ಸ್ಟೆರಾಲ್ ಹಾದಿಯಿಂದ ಬೇರೆಯಾಗುವ ಕವಲುಗಳು. ಒಂದು ಕಡೆ ಎಳೆದರೆ ಇನ್ನೊಂದು ಕಡೆ ಸಡಿಲವಾಗಬಹುದು.

ನನ್ನ ದೊಡ್ಡ ತಕರಾರು ಬೇರೆ. ನಿತ್ಯಪುಷ್ಪದಿಂದ ಒಂದೇ ಅಣುವನ್ನು ಶುದ್ಧಮಾಡಿ ತೂಗಿ ಕೊಡುತ್ತಾರೆ, ಸರಿ. ಅಶ್ವಗಂಧ ಹಾಗಲ್ಲ. ಜನ ಬೇರನ್ನೇ ಪುಡಿಮಾಡಿ ತಿನ್ನುತ್ತಾರೆ. ಹಾರ್ಮೋನ್ ತಿದ್ದಿದ ಗಿಡದಲ್ಲಿ ಯಾವ ವಸ್ತು ಏರಿತು, ಯಾವುದು ಇಳಿಯಿತು ಎಂದು ಚಮಚ ನೋಡಿ ಗೊತ್ತಾಗುವುದಿಲ್ಲ.

ಬೇರೆ ದಾರಿಗಳೂ ಇವೆ. ವಿನ್‌ಬ್ಲಾಸ್ಟಿನ್‌ಗೆ ಬೇಕಾದ ಎರಡು ಮೂಲ ಅಣುಗಳನ್ನು 2022ರಲ್ಲಿ ಯೀಸ್ಟ್‌ನಲ್ಲೇ ತಯಾರಿಸಿ, ಆಮೇಲೆ ಜೋಡಿಸಿ ತೋರಿಸಿದರು. ಗಿಡದ ಜೀನ್‌ಗಳನ್ನು ಓದಿದ್ದರಿಂದಲೇ ಅದು ಸಾಧ್ಯವಾಯಿತು. ಹಾಗಾಗಿ ಓದಲು ನನ್ನ ವಿರೋಧವಿಲ್ಲ. ಹಾರ್ಮೋನ್ ಬೇಕೇ ಬೇಕು ಎನ್ನುವವರು ಯೂ ಜೀವಕೋಶಗಳಿಗೆ ಮಾಡಿದಂತೆ ಅದನ್ನು ಹೊರಗಿನಿಂದ ಕೊಡಲಿ. ಹಾಗೆ ಕೊಟ್ಟದ್ದನ್ನು ಯಾವಾಗ ಬೇಕಾದರೂ ನಿಲ್ಲಿಸಬಹುದು. ತಿದ್ದಿದ ಜೀನ್ ಮೊಳಕೆಯಿಂದಲೇ ಗಿಡದ ಜೊತೆಗಿರುತ್ತದೆ, ಬೀಜದೊಳಗೂ ಹೋಗುತ್ತದೆ.