ಸುಳಿಯ ಹಟ

ಗಂಡಸರ ಗಿಡ್ಡ ಕ್ರಾಪು ನೋಡಲು ಬಲು ಸಾಧು. ಪಕ್ಕಗಳಲ್ಲಿ ಸಣ್ಣಗೆ, ನೆತ್ತಿಯ ಮೇಲೆ ಎರಡು ಬೆರಳು ಉದ್ದ, ಒಂದು ಕಡೆ ಬೈತಲೆ. ಕಟಿಂಗ್ ಶಾಪಿನ ಕುರ್ಚಿಯಿಂದ ಇಳಿಯುವಾಗ ಹೇಳಿದ ಮಾತು ಕೇಳುತ್ತದೆ. ಮರುದಿನ ಮನೆಯ ಕನ್ನಡಿಯ ಮುಂದೆ ನೀನ್ಯಾರೋ ನಾನ್ಯಾರೋ ಎನ್ನುತ್ತದೆ.

ಇದಕ್ಕೆಲ್ಲ ಮೂಲ ನೆತ್ತಿಯ ಹಿಂಬದಿಯ ಸುಳಿ. ನಮ್ಮ ಅಜ್ಜಿಯರು ಅದನ್ನು ಎಣಿಸುತ್ತಿದ್ದರು. ಎರಡಿದ್ದರೆ ಎರಡು ಮದುವೆಯಂತೆ. ಒಂದಕ್ಕೇ ಸುಸ್ತಾಗಿರುವ ಜೋಡಿ ಸುಳಿಯವರು ನನಗೆ ಗೊತ್ತು. ಬಹುಪಾಲು ಜನರ ಸುಳಿ ಗಡಿಯಾರದ ಮುಳ್ಳಿನ ದಿಕ್ಕಿಗೇ ಸುತ್ತುತ್ತದೆ. ಬೈತಲೆ ಎಡಕ್ಕೋ ಬಲಕ್ಕೋ ಎಂದು ತೀರ್ಮಾನಿಸುವುದು ಅದೇ ಹೊರತು ನಾವಲ್ಲ. ಒದ್ದೆ ಕೂದಲನ್ನು ಹಿಂದಕ್ಕೆ ಬಾಚಿ, ಅಂಗೈಯಿಂದ ಮೆಲ್ಲಗೆ ಮುಂದಕ್ಕೆ ತಳ್ಳಿದರೆ ತಾನಾಗಿ ಎಲ್ಲಿ ಬಿರಿಯುತ್ತದೋ ಅಲ್ಲೇ ಬೈತಲೆ. ನಟನ ಫೋಟೊ ನೋಡಿ ಇನ್ನೊಂದು ಕಡೆ ತೆಗೆದಿರೋ, ಹನ್ನೊಂದು ಗಂಟೆಯೊಳಗೆ ಹಿಂದಿನ ನಾಲ್ಕು ಕೂದಲು ಗ್ರಾಮಸಭೆಯಲ್ಲಿ ಪ್ರಶ್ನೆ ಕೇಳುವವರ ಹಾಗೆ ಎದ್ದು ನಿಲ್ಲುತ್ತವೆ.

ಕ್ರೀಮಿಗಿಂತ ದೊಡ್ಡ ಅಸ್ತ್ರ ನೀರು. ಒದ್ದೆಯಾದಾಗ ಕೂದಲಿನ ಕೆರಾಟಿನ್ ಎಂಬ ಪ್ರೋಟೀನಿನಲ್ಲಿರುವ ಹೈಡ್ರೋಜನ್ ಬಂಧಗಳು ಬಿಡುತ್ತವೆ, ಒಣಗುತ್ತ ಮತ್ತೆ ಕೂಡುತ್ತವೆ. ಆಗ ಕೂದಲು ಯಾವ ಭಂಗಿಯಲ್ಲಿತ್ತೋ ಅದೇ ಕಾಯಂ, ಮತ್ತೆ ಬೆವರುವ ತನಕ. ಬಾಚಣಿಗೆಗೆ ಕೆಲಸವಿರುವುದು ಈ ಅರೆ ಒಣಗಿದ ಹೊತ್ತಿನಲ್ಲಿ. ಆದರೆ ಅಷ್ಟು ಹೊತ್ತಿಗೆ ನಾವು ಹೆಲ್ಮೆಟ್ ಹಾಕಿ ಸಿಗ್ನಲ್ಲಿನಲ್ಲಿ ನಿಂತಿರುತ್ತೇವೆ. ಅರ್ಧ ಬೆಂಗಳೂರಿನ ಹೇರ್‌ಸ್ಟೈಲ್ ಮಾಡುವುದು ಹೆಲ್ಮೆಟ್ಟೇ ಎಂದು ನನ್ನ ಗುಮಾನಿ.

ಇನ್ನು ಜಿಡ್ಡಿನ ವಿಚಾರ. ಕೊಬ್ಬರಿ ಎಣ್ಣೆ ಕೂದಲನ್ನು ಕೂರಿಸುತ್ತದೆ ನಿಜ, ದಿಂಬಿನ ಕವರನ್ನೂ ಬಿಡುವುದಿಲ್ಲ. 1928ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಹುಟ್ಟಿದ ಬ್ರಿಲ್‌ಕ್ರೀಮ್ ಎಂಬ ತಲೆಗೂದಲ ಕ್ರೀಮು ಕೂಡ ಮೂಲದಲ್ಲಿ ನೀರು, ಖನಿಜ ತೈಲ, ಜೇನುಮೇಣ ಕಲೆಸಿದ್ದು. ಕ್ರಿಕೆಟಿಗ ಡೆನಿಸ್ ಕಾಂಪ್ಟನ್ ಅದರ ಜಾಹೀರಾತಿನಲ್ಲಿ ಮಿಂಚಿದರು. ಆ ಮಿಂಚು ನೋಡಿ ಬೊಗಸೆಗಟ್ಟಲೆ ಬಳಿದುಕೊಳ್ಳಬೇಕಿಲ್ಲ. ಕಡಲೆಕಾಳಿನಷ್ಟು ಸಾಕು. ಅಂಗೈಗಳಲ್ಲಿ ತಿಕ್ಕಿ ಮೊದಲು ಹಿಂದಕ್ಕೆ, ಆಮೇಲೆ ಪಕ್ಕಕ್ಕೆ, ಕೈಯಲ್ಲಿ ಉಳಿದದ್ದು ಮುಂಗೂದಲಿಗೆ. ಮುಂದಿನಿಂದ ಶುರು ಮಾಡಿದರೆ ಹಣೆಯ ಮೇಲೆಯೇ ಎಲ್ಲ ಮುಗಿದುಹೋಗುತ್ತದೆ.

ಇಷ್ಟಾದರೂ ಸುಳಿ ಬಗ್ಗದಿದ್ದರೆ ಅಲ್ಲಿನ ಕೂದಲನ್ನು ಇನ್ನರ್ಧ ಇಂಚು ಬಿಡಬೇಕು, ತನ್ನ ಭಾರಕ್ಕೆ ತಾನೇ ಮಲಗುತ್ತದೆ. ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುವ ಕೂದಲಿಗೆ ಅದು ತಿಂಗಳ ಮೇಲಿನ ಕೆಲಸ. ಆದರೆ ಮೂರನೇ ವಾರಕ್ಕೇ ಅಡುಗೆಮನೆಯಿಂದ ಕೂಗು ಬರುತ್ತದೆ: "ರೀ, ಕಾಡಾಗಿದೆ ತಲೆ, ಇವತ್ತಾದ್ರೂ ಕಟಿಂಗ್ ಮಾಡಿಸ್ಕೊಂಡು ಬನ್ನಿ."