ಕೃಷ್ಣನ ಮಾತು ಮುಗಿಯೋವರೆಗೆ ದುರ್ಯೋಧನ ಕಾಯಬೇಕು

ಹೋದ ವರ್ಷ ನಮ್ಮೂರ ಜಾತ್ರೆಗೆ ಕುರುಕ್ಷೇತ್ರ ನಾಟಕ ಆಡಿದರು. ತುಮಕೂರು ಸೀಮೆಯವರಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಿಲ್ಲ. ಬೇರೆ ಕಡೆಯವರಿಗೆ ಹೇಳುತ್ತೇನೆ. ನಮ್ಮ ಗುಬ್ಬಿ ಕಡೆ ಹಳ್ಳಿ ನಾಟಕದಲ್ಲಿ ಪಾತ್ರ ಮಾಡುವವರಿಗೆ ಯಾರೂ ಸಂಬಳ ಕೊಡುವುದಿಲ್ಲ. ಪಾತ್ರ ಬೇಕು ಅನ್ನುವವನೇ ಕೈಯಿಂದ ದುಡ್ಡು ಕಟ್ಟಬೇಕು. ನಮ್ಮೂರಲ್ಲಿ ಕೃಷ್ಣನಿಗೂ ದುರ್ಯೋಧನನಿಗೂ ಜಾಸ್ತಿ ರೇಟು.

ಆ ಎರಡು ಪಾತ್ರಕ್ಕೆ ದುಡ್ಡು ಕಟ್ಟಿದವರು ಎರಡು ಪಾರ್ಟಿಯವರು. 2023ರ ಎಲೆಕ್ಷನ್ ಆದಾಗಿನಿಂದ ಮುಖ ಕೊಟ್ಟು ಮಾತಿಲ್ಲ. ಊರಿನ ವಾಟ್ಸಾಪ್ ಗ್ರೂಪಲ್ಲಿ ಮಾತ್ರ ಬೈದಾಟ. ಒಬ್ಬ ಇನ್ನೊಬ್ಬನಿಗೆ ದೇಶದ್ರೋಹಿ ಅಂದಿದ್ದ. ಅವನು ತಿರುಗಿಸಿ ಅಂದಿದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಪ್ರಾಕ್ಟೀಸ್ ಶೆಡ್ಡಲ್ಲಿ ಸಂಧಾನದ ಸೀನು. ಕೃಷ್ಣ ಐದು ಊರು ಕೇಳಬೇಕು, ದುರ್ಯೋಧನ ಕೊಡಲ್ಲ ಅನ್ನಬೇಕು. ನಮ್ಮ ದುರ್ಯೋಧನ ಪ್ರತಿ ಸಲ ಕೃಷ್ಣನ ಮಾತು ಅರ್ಧ ಆಗುವಷ್ಟರಲ್ಲಿ ಗದೆ ಎತ್ತಿಬಿಡುತ್ತಿದ್ದ. ಹಾರ್ಮೋನಿಯಂ ಮೇಷ್ಟ್ರು ಬಾರಿಸುವುದನ್ನು ನಿಲ್ಲಿಸಿ ಕೇಳಿದರು, "ಲೋ, ಅವನ ಮಾತು ಕಿವಿಗೆ ಹಾಕ್ಕೊಳ್ದೆ ನಿನ್ ಪದ ಎಲ್ಲಿಂದ ಎತ್ಕೊಳ್ತೀಯ?"

ಎರಡು ತಿಂಗಳು, ದಿನಾ ರಾತ್ರಿ, ಒಬ್ಬನ ಮಾತು ಮುಗಿಯುವವರೆಗೆ ಇನ್ನೊಬ್ಬ ಕಾದ. ಒಬ್ಬರ ಮಾತು ಇನ್ನೊಬ್ಬರಿಗೆ ಬಾಯಿಪಾಠ ಆಯಿತು. ನಾಟಕದ ರಾತ್ರಿ ಕೃಷ್ಣ ಒಂದು ಕಡೆ ತಡವರಿಸಿದ. ಮೀಸೆ ತೀಡುವ ನೆಪದಲ್ಲಿ ಮುಂದಿನ ಸಾಲನ್ನು ಮೆಲ್ಲಗೆ ಹೇಳಿಕೊಟ್ಟವನು ದುರ್ಯೋಧನನೇ. ಮುಂದಿನ ಸಾಲಲ್ಲಿ ಕೂತಿದ್ದ ನಮಗೆ ಕೇಳಿಸಿತು.

ನಾಟಕದಿಂದ ಪ್ರಜಾಪ್ರಭುತ್ವ ಉಳಿಯುತ್ತೆ ಅಂತ ಯಾರಾದರೂ ಮೈಕ್ ಹಿಡಿದು ಹೇಳಿದರೆ ನನಗೆ ಸ್ವಲ್ಪ ಅನುಮಾನ. ಸಿಟಿಯಲ್ಲಿ ಕೋಮುವಾದದ ವಿರುದ್ಧ ಆಡುವ ನಾಟಕಗಳಿಗೆ ಬರುವವರು ಅದೇ ಐವತ್ತು ಜನ. ನಾನೂ ಅವರಲ್ಲಿ ಒಬ್ಬ. ಮೊದಲೇ ಒಪ್ಪಿಕೊಂಡವರು ಹೋಗಿ, ಚಪ್ಪಾಳೆ ತಟ್ಟಿ, ಟೀ ಕುಡಿದು ಬರುತ್ತೇವೆ. ನನಗೆ ನಂಬಿಕೆ ಇರುವುದು ಆ ಪ್ರಾಕ್ಟೀಸ್ ಶೆಡ್ಡಿನ ಮೇಲೆ.

ಆದರೆ ನಾಟಕದ ತಾಕತ್ತು ಬಾಯಿ ಮುಚ್ಚಿಸುವವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಬ್ರಿಟಿಷರು 1876ರಲ್ಲಿ ನಾಟಕ ನಿಲ್ಲಿಸುವುದಕ್ಕೆ ಅಂತಲೇ ಒಂದು ಕಾಯ್ದೆ ತಂದರು. ತುರ್ತು ಪರಿಸ್ಥಿತಿಯಲ್ಲಿ ರಂಗನಟಿ ಸ್ನೇಹಲತಾ ರೆಡ್ಡಿಯವರನ್ನು ಬೆಂಗಳೂರು ಜೈಲಿಗೆ ಹಾಕಿದರು. ಆಸ್ತಮಾ ಇದ್ದ ಹೆಂಗಸು. ಹೊರಗೆ ಬಂದ ಕೆಲವೇ ದಿನಕ್ಕೆ, 1977ರ ಜನವರಿಯಲ್ಲಿ ತೀರಿಕೊಂಡರು. 1989ರ ಜನವರಿ 1ರಂದು ದೆಹಲಿ ಪಕ್ಕದ ಸಾಹಿಬಾಬಾದಿನಲ್ಲಿ ಬೀದಿ ನಾಟಕ ಆಡುತ್ತಿದ್ದ ಸಫ್ದರ್ ಹಶ್ಮಿ ತಂಡದ ಮೇಲೆ ದಾಳಿ ಆಯಿತು. ಮಾರನೇ ದಿನ ಸಫ್ದರ್ ಸತ್ತರು. ವಯಸ್ಸು 34. ಜನವರಿ 4ಕ್ಕೆ ಅವರ ಹೆಂಡತಿ ಮೊಲೊಯಶ್ರೀ ಹಶ್ಮಿ ಅದೇ ಜಾಗಕ್ಕೆ ಹೋಗಿ, ನಿಂತುಹೋಗಿದ್ದ ನಾಟಕವನ್ನು ತಂಡದ ಜೊತೆ ಪೂರ್ತಿ ಆಡಿದರು. ಎಷ್ಟು ಸಲ ನೆನೆಸಿಕೊಂಡರೂ ಇಲ್ಲಿ ನನಗೆ ಗಂಟಲು ಕಟ್ಟುತ್ತದೆ.

ನಮ್ಮೂರ ನಾಟಕದ ಪರ್ಮಿಷನ್‌ಗೆ ಸ್ಟೇಷನ್‌ಗೆ ಹೋದಾಗ, "ಇದ್ರಲ್ಲಿ ಗಲಾಟೆ ಗಿಲಾಟೆ ಏನೂ ಇಲ್ಲ ತಾನೇ?" ಅಂತ ಕೇಳಿದರಂತೆ. "ಸಾರ್, ಕುರುಕ್ಷೇತ್ರ ಸಾರ್" ಅಂದರಂತೆ ನಮ್ಮವರು.

ನಗುವಿನ ಜೊತೆಗೆ ಇದನ್ನೂ ಹೇಳಲೇಬೇಕು. ಆ ನಾಟಕದಲ್ಲಿ ದಲಿತರ ಕಾಲೋನಿ ಹುಡುಗರಿಗೆ ಒಂದು ಪಾತ್ರವೂ ಸಿಗಲಿಲ್ಲ. ದುಡ್ಡು ಕಟ್ತೀವಿ ಅಂದರೂ "ಪಾತ್ರ ಎಲ್ಲಾ ಮುಗ್ದೋಗಿವೆ" ಅಂದರು. ತಮಟೆಗೆ ಮಾತ್ರ ಕರೆ ಬಂತು. ಇವರು ಹೋಗಲಿಲ್ಲ. ಈ ಸಲ ಅವರೇ ದುಡ್ಡು ಹಾಕಿ ಬೇರೆ ಕುರುಕ್ಷೇತ್ರ ಕಲಿಯುತ್ತಿದ್ದಾರೆ. ಅದೇ ಮೇಷ್ಟ್ರು, ಅದೇ ಹಾರ್ಮೋನಿಯಂ. ಮೇಷ್ಟ್ರಿಗೆ ಇದರಿಂದ ಊರಲ್ಲಿ ಒಂದಿಬ್ಬರ ಮನೆ ಕಾಫಿ ತಪ್ಪಿದೆ. ಅವರೇನೂ ತಲೆ ಕೆಡಿಸಿಕೊಂಡಿಲ್ಲ.

ಹಳೇ ಕೃಷ್ಣ, ದುರ್ಯೋಧನ ಏನಾದರು ಅಂತೀರಾ? ಪಾರ್ಟಿ ಬದಲಾಗಿಲ್ಲ, ಗ್ರೂಪಲ್ಲಿ ಜಗಳವೂ ನಿಂತಿಲ್ಲ. ಮೊನ್ನೆ ಕೃಷ್ಣ ಸಾಲಾಗಿ ಏಳೆಂಟು ಮೆಸೇಜ್ ಹಾಕಿದ. ದುರ್ಯೋಧನ ಸುಮ್ನೆ ಇದ್ದು, ಆಮೇಲೆ ಬರೆದ: "ನಿಂದು ಮುಗೀತಾ? ಈಗ ನಾನು."